ಪಿಸುಮಾತಿನ ಪರೀಕ್ಷೆ

"ಕಿಸುಮುಗೆ ಯಾಕೆ ಸಾಯೋಕೆ ಹೋದೆ ಮಾರಾಯ? ನಮ್ಮ ನೈರೋಬಿ ಡಾಕ್ಟ್ರು ಕಿವಿ ಪರೀಕ್ಷೆ ಅಂದ್ರೆ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತಾರೆ. ಅಲ್ಲಿ ಹೆಣಾನೂ ಪಾಸಾಗುತ್ತೆ!" ಜೊತೆಯ ಪೈಲಟ್ ಒಲುವೊಚ್ ಫೋನಿನಲ್ಲಿ ಬೈಯುತ್ತಲೇ ಇದ್ದ. ಕ್ಯಾಪ್ಟನ್ ಸಿಮಿಯು ಫೋನ್ ಆರಿಸಿ ಕಿಸುಮುವಿನ ಆಸ್ಪತ್ರೆಯೊಳಗೆ ಹೋದ.

ಅಲ್ಲಿನ ಡಾಕ್ಟರ್ ಚೆಲಗಾಟ್ ಮೇಡಂ ಎಂದರೆ ಪೈಲಟ್‌ಗಳಿಗೆಲ್ಲ ನಡುಕ. ಇವರ ಕೈಯಲ್ಲಿ ಫೇಲಾದರೆ ವಿಮಾನದ ಆಸೆ ಬಿಟ್ಟ ಹಾಗೆಯೇ. ಆದರೂ ಸಿಮಿಯುಗೆ ನಿಜ ತಿಳಿಯಬೇಕಿತ್ತು. ಹೆಂಡತಿ ತೀರಿಕೊಂಡ ಮೇಲೆ ಏನೂ ಕೇಳಿಸದಿರುವುದು ತನ್ನ ಕಿವಿ ಮಂದವಾಗಿದ್ದಕ್ಕೋ, ಮನೆಯಲ್ಲಿ ಮಾತಾಡುವವರೇ ಇಲ್ಲದ್ದಕ್ಕೋ, ಅವನಿಗೆ ಗೊತ್ತಾಗುತ್ತಿರಲಿಲ್ಲ.

"ಗೋಡೆ ಕಡೆ ತಿರುಗಿ ನಿಲ್ಲಿ. ನಾನು ಹೇಳಿದ್ದನ್ನೇ ವಾಪಸ್ ಹೇಳ್ಬೇಕು" ಎಂದರು ಡಾಕ್ಟರ್. ಅವನು ತಿರುಗಿ ನಿಂತ. ಬೆನ್ನ ಹಿಂದಿನಿಂದ, ಉಸಿರಿನಷ್ಟೇ ಮೆಲ್ಲಗೆ, ಹೆಣ್ಣುದನಿಯೊಂದು ಕೇಳಿತು: "ಚಹಾ ಆಯ್ತಾ?"

"ಇಲ್ಲ ಕಣೇ" ಎಂದುಬಿಟ್ಟ ಸಿಮಿಯು. "ಒಬ್ಬನಿಗೋಸ್ಕರ ಯಾಕೆ ಅಂತ ಒಲೆ ಹಚ್ಚಲಿಲ್ಲ."

ಡಾಕ್ಟರ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಆಮೇಲೆ, "ಉತ್ತರ ಬೇಡ ಕ್ಯಾಪ್ಟನ್. ನಾನು ಹೇಳಿದ್ದನ್ನೇ ಹೇಳಿ" ಎಂದರು.

ಸಿಮಿಯು ಎದುರಿನ ಖಾಲಿ ಗೋಡೆಯನ್ನು ಕೇಳಿದ: "ಚಹಾ ಆಯ್ತಾ?"