ಹಗ್ಗದೊಳಗಿನ ದಾರಿ

ಆ ನಾಡಿನಲ್ಲಿ ಇಪ್ಪತ್ತೊಂದು ತುಂಬಿದ ಪ್ರತಿಯೊಬ್ಬರಿಗೂ ಸರ್ಕಾರ ನೂರು ಮೀಟರ್ ಹಗ್ಗ ಕೊಡುತ್ತಿತ್ತು. ಖಾಲಿ ನೆಲದ ಮೇಲೆ ಅದನ್ನು ಹಾಸಿ ತುದಿಗೆ ತುದಿ ಕೂಡಿಸಿದರೆ ಒಳಗಿನ ನೆಲ ಅವರದು. ದುಂಡಗೆ ಹಾಸಿದರೇ ಹೆಚ್ಚು ನೆಲ ಸಿಗುತ್ತದೆಂದು ಮಕ್ಕಳಿಗೂ ಗೊತ್ತಿತ್ತು. ಹಾಗಾಗಿ ಊರಿನ ಹಿತ್ತಿಲುಗಳೆಲ್ಲ ದುಂಡಗಿದ್ದವು.

ರೇಣವ್ವ ಮಾತ್ರ ತನ್ನ ಸರದಿಯ ದಿನ ಹಗ್ಗ ಹೊತ್ತುಕೊಂಡು ಕೆರೆಯ ಕಾಲುದಾರಿಗೆ ಬಂದಳು. ಕೆಳಗಿನ ಓಣಿಯವರು ನೀರಿಗೆ ಹೋಗಲು ಅದೊಂದೇ ದಾರಿ. ಮರುದಿನ ತನ್ನ ಮಗನಿಗೆ ಬರುವ ಹಗ್ಗದೊಳಗೆ ಅದನ್ನು ಸೇರಿಸಿಕೊಂಡು ಬೇಲಿ ಹಾಕಲು ಸಾವುಕಾರ ಚನ್ನಬಸಪ್ಪ ಕಾಯುತ್ತಿದ್ದ. ರೇಣವ್ವ ದಾರಿಯ ಎರಡೂ ಅಂಚಿಗೆ ನಲವತ್ತೆಂಟು ನಲವತ್ತೆಂಟು ಮೀಟರ್ ಹಾಸಿದಳು. ಅಗಲಕ್ಕೆ ಎರಡೆರಡೇ ಮೀಟರ್ ಉಳಿಯಿತು.

ಅಳತೆ ಬರೆದುಕೊಳ್ಳಲು ಬಂದಿದ್ದ ಸರ್ಕಾರದ ಸರ್ವೇಯರ್ ಕಂಗಾಲಾದ. "ದುಂಡಗ ಹಾಸಿದ್ರ ಎಂಟನೂರು ಚದರ ಮೀಟರ್ ಬರತೈತಿ ತಂಗಿ. ಹಿಂಗ ಹಾಸಿದ್ರ ನೂರೂ ಆಗಂಗಿಲ್ಲ. ಮನಿ ಎಲ್ಲಿ ಕಟ್ಟತಿ?"

"ಕಟ್ಟೂದಿಲ್ರಿ. ಅವ್ವನ ಮನ್ಯಾಗ ಇರತೀನಿ."

"ಇನ್ನೊಮ್ಮೆ ಹಗ್ಗ ಸಿಗಂಗಿಲ್ಲ."

"ಗೊತ್ತೈತ್ರಿ." ಅವಳು ತುದಿಗಳನ್ನು ಎಳೆದು ಗಂಟು ಬಿಗಿದಳು.

ದಾರಿಯ ನಡುವೆ ನಿಂತಿದ್ದ ಚನ್ನಬಸಪ್ಪ ಕೂಗಾಡಿದ. "ಇದು ಹುಚ್ಚುತನ! ಬರಕೋಬ್ಯಾಡ್ರಿ ಸಾಹೇಬ್ರ!"

ಸರ್ವೇಯರ್ ಗಂಟು ಮುಟ್ಟಿ ನೋಡಿದ. ಹಗ್ಗ ಎಲ್ಲೂ ತುಂಡಾಗಿರಲಿಲ್ಲ. ಅವನು ಕಾಗದಕ್ಕೆ ಮುದ್ರೆ ಒತ್ತಿದ.

ರೇಣವ್ವ ಸಾವುಕಾರನ ಎದುರಿಗೆ ಬಂದು ನಿಂತಳು.

"ಇದು ಈಗ ನನ್ನ ನೆಲ ಐತ್ರಿ. ಕೆರಿಗೆ ಹೋಗೋರು ಯಾರ ಬೇಕಾದ್ರೂ ಹೋಗಬಹುದು. ನಿಲ್ಲೋರು ಮಾತ್ರ ಹಗ್ಗದ ಆಚಿ ನಿಲ್ರಿ."

ಖಾಲಿ ಕೊಡ ಹಿಡಿದ ಕೆಳಗಿನ ಓಣಿಯ ಹೆಂಗಸರು ಅವಳ ಹಿಂದೆ ಬಂದು ನಿಂತಿದ್ದರು. ಚನ್ನಬಸಪ್ಪ ಧೋತರ ಎತ್ತಿ ಹಿಡಿದು ಹಗ್ಗ ದಾಟಿದ.