ಪಕ್ಕದ ಮೇಜಿನ ಮಾತು

ಒದ್ದೆ ಉಣ್ಣೆಕೋಟು ಮತ್ತು ಸೀಮೆಎಣ್ಣೆ ಹೀಟರು ಸೇರಿದರೆ ಒಂದು ವಾಸನೆ ಬರುತ್ತದೆ. ಏವ್ರಿಲ್ ಡನ್‌ಸ್ಟನ್‌ಗೆ ಅದು ಆರನೆಯ ವಯಸ್ಸಿನಿಂದ ಗೊತ್ತು. ಅಮ್ಮ ನಾಟಕಶಾಲೆಯಲ್ಲಿ ನಟಿಯರ ಉಡುಪುಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಮಗಳು ಕೋಟುಗಳ ರಾಶಿಯಲ್ಲಿ ಕೂತು ರಂಗದ ಮೇಲಿನ ನಗೆಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಓಲ್ಡ್‌ಹ್ಯಾಮ್ ಪಟ್ಟಣದ ಮಾರುಕಟ್ಟೆಯ ಹಿಂದಿನ ಈ ಚಹಾದಂಗಡಿಗೂ ಅದೇ ವಾಸನೆ. ಹದಿನಾಲ್ಕು ತಿಂಗಳ ಹಿಂದೆ ಅವಳು ಒಳಗೆ ಬಂದದ್ದು ಅದಕ್ಕಾಗಿ. ಆಮೇಲೆ ದಿನಾ ಬಂದದ್ದು ಕಳ್ಳತನಕ್ಕೆ.

ಇವತ್ತು ತಪ್ಪು ಒಪ್ಪಿಕೊಳ್ಳಲು ಬಂದಿದ್ದಳು. ಕೈಚೀಲದಲ್ಲಿ ಟಿವಿ ಕಂಪನಿಯ ವಕೀಲರು ಕಳಿಸಿದ ಕಾಗದವಿತ್ತು. ‘ಈ ಹಾಸ್ಯ ಧಾರಾವಾಹಿಯ ಯಾವ ಪಾತ್ರವೂ ಬದುಕಿರುವ ವ್ಯಕ್ತಿಯನ್ನು ಆಧರಿಸಿಲ್ಲ.’ ಕೆಳಗೆ ಸಹಿ ಹಾಕಬೇಕು. ಇಲ್ಲವೇ ಆ ವ್ಯಕ್ತಿಗಳ ಒಪ್ಪಿಗೆ ತರಬೇಕು. ಎರಡೂ ಆಗದಿದ್ದರೆ ಮಂಗಳವಾರದ ಚಿತ್ರೀಕರಣ ಇಲ್ಲ.

ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಇನ್ನೊಂದು ಮಂಗಳವಾರ ಸಿಗುವುದಿಲ್ಲ. ಹತ್ತೊಂಬತ್ತಕ್ಕೆ ಕಡಲತೀರದ ಬೇಸಿಗೆ ನಾಟಕಗಳಲ್ಲಿ ಶುರುಮಾಡಿದವಳು ಅವಳು. ಮೂವತ್ತಕ್ಕೆ ಟಿವಿಯಲ್ಲಿ ಟ್ರೇ ಬೀಳಿಸುವ ಮನೆಗೆಲಸದವಳಾದಳು. ದೇಶಕ್ಕೆಲ್ಲ ಮುಖ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಆಮೇಲೆ ಗೆಳತಿ ಗ್ವೆನ್ ಜೊತೆ ಇಪ್ಪತ್ತು ವರ್ಷ ಹಾಸ್ಯ ಬರೆದಳು. ಗ್ವೆನ್ ಕೋಣೆಯಲ್ಲಿ ಅಡ್ಡಾಡುತ್ತ ಹೇಳುವಳು, ಏವ್ರಿಲ್ ತಿದ್ದುತ್ತ ಬರೆಯುವಳು. ಗ್ವೆನ್ ತೀರಿಕೊಂಡಳು. ಪೆನ್ಸಿಲ್ ಉಳಿಯಿತು. ಕಳೆದ ಎರಡು ವರ್ಷದಲ್ಲಿ ಸಿಕ್ಕ ದೊಡ್ಡ ಕೆಲಸವೆಂದರೆ ನಾಯಿ ಬಿಸ್ಕತ್ತಿನ ಜಾಹೀರಾತು. ಅದರಲ್ಲೂ ಮಾತು ಇದ್ದದ್ದು ನಾಯಿಗೆ.

ಹಾಗಿರುವಾಗ ಸಿಕ್ಕಿದವಳು ನೋರಾ ಓಪನ್‌ಷಾ. ಅಂಗಡಿ ಅವಳದು. ಬಟ್ಟಲು ತೊಳೆಯುವ ಐವಿ ಅವಳ ಹಳೆಯ ಗೆಳತಿ. ಮೊದಮೊದಲು ಇಬ್ಬರದೂ ಮೌನ. ಹನ್ನೆರಡನೆಯ ದಿನ ಬಾಯಿಬಿಟ್ಟರು, ಮತ್ತೆ ಮುಚ್ಚಲಿಲ್ಲ. ಒಂಬತ್ತು ಮೇಜುಗಳಿದ್ದರೂ ಹತ್ತು ಗಂಟೆಯ ಚಹಾಕ್ಕೆ ಏವ್ರಿಲ್ ಪಕ್ಕದ ಮೇಜಿಗೇ ಬರುತ್ತಿದ್ದರು. ಹೀಟರು ಅಲ್ಲೇ ಇತ್ತಲ್ಲ. ಮಾತು ಜೋರು, ನಿಧಾನ, ಬಾಯಿ ಅಗಲ. ಮೂವತ್ತು ವರ್ಷ ಹತ್ತಿಗಿರಣಿಯ ಮಗ್ಗಗಳ ಗದ್ದಲದಲ್ಲಿ ದುಡಿದವರು ಹಾಗೆಯೇ ಮಾತಾಡುವುದು. ಏವ್ರಿಲ್‌ಳ ಪೆನ್ಸಿಲ್ ಮೊನೆ ಮುರಿದರೆ ಸರಿಯಾಗಿ ಆಗಲೇ ನೋರಾಗೆ ಕೆಮ್ಮು ಬರುತ್ತಿತ್ತು. ದೇವರು ದೊಡ್ಡವನು ಎಂದುಕೊಂಡು ಅವಳು ಮೊನೆ ಮಾಡಿಕೊಳ್ಳುತ್ತಿದ್ದಳು.

ಮಾತೆಲ್ಲ ನೋರಾಳ ಗಂಡ ಕ್ಲಿಫರ್ಡನ ಬಗ್ಗೆಯೇ.

"ಶವಪೆಟ್ಟಿಗೆ ತಂದಿದ್ದಾನೆ ಕಣೇ ಐವಿ. ಅರ್ಧ ಬೆಲೆಗೆ ಸಿಕ್ತಂತೆ."

"ಅಳತೆ?"

"ನಂದು."

"ಮತ್ತೆ ಅವನಿಗೆ?"

"ಅವನಿಗೇನೂ ಅವಸರ ಇಲ್ವಂತೆ."

"ಎಲ್ಲಿಟ್ಟಿದ್ದೀಯೇ ಅದನ್ನ?"

"ಮುಂದಿನ ರೂಮಲ್ಲಿ. ಆಲೂಗಡ್ಡೆ ತುಂಬಿದೀನಿ. ಖಾಲಿ ಇಟ್ರೆ ನಂಗೆ ಆಸೆಯಾಗಿಬಿಡುತ್ತಂತೆ."

ಇಂಥವೇ ಸೇರಿ ಆರು ಕಂತುಗಳಾಗಿದ್ದವು. ಹೆಂಡತಿಯ ಪಾತ್ರ ಏವ್ರಿಲ್‌ಳದೇ. ಕ್ಲಿಫರ್ಡ್ ಮಾತ್ರ ಒಂದು ದಿನವೂ ಅಂಗಡಿಗೆ ಬರಲಿಲ್ಲ. ಬಂದಿದ್ದರೆ ಅವನ ಮುಖ ನೋಡುವುದು ಕಷ್ಟವಾಗುತ್ತಿತ್ತು. ಅಷ್ಟರಮಟ್ಟಿಗೆ ಅವನು ಒಳ್ಳೆಯ ಮನುಷ್ಯ.

"ನೋರಾ, ಐವಿ, ಸ್ವಲ್ಪ ಕೂತ್ಕೊಳ್ಳಿ," ಎಂದಳು ಏವ್ರಿಲ್. "ನಾನು ನಿಮ್ಮದನ್ನ ಕದ್ದಿದ್ದೀನಿ."

"ಸಕ್ಕರೆ ಡಬ್ಬಿನಾ?" ಎಂದಳು ಐವಿ. "ಸೋಮವಾರದಿಂದ ಕಾಣ್ತಿಲ್ಲ."

"ಮಾತು. ನಿಮ್ಮಿಬ್ಬರ ಮಾತು. ಹದಿನಾಲ್ಕು ತಿಂಗಳಿಂದ ಬರ್ಕೊಂಡಿದ್ದೀನಿ. ಎಲ್ಲಾ ಟಿವಿಯಲ್ಲಿ ಬರುತ್ತೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಶವಪೆಟ್ಟಿಗೆನೂ?" ಎಂದಳು ನೋರಾ.

"ಶವಪೆಟ್ಟಿಗೆನೂ."

"ಆಲೂಗಡ್ಡೆ?"

"ಎರಡನೇ ಕಂತಲ್ಲಿ."

"ನೋಡಿದ್ಯಾ?" ಐವಿ ನೋರಾಳನ್ನು ತಿವಿದಳು. "ಆಲೂಗಡ್ಡೆ ತುಂಬು ಅಂತ ಹೇಳಿದ್ದು ನಾನು."

ಪಾಪ, ವಿಷಯದ ಗಂಭೀರತೆ ಇವರಿಗೆ ತಿಳಿದಿಲ್ಲ ಎಂದುಕೊಂಡಳು ಏವ್ರಿಲ್. ಕಾಗದ ಬಿಚ್ಚಿ ಮೇಜಿನ ಮೇಲಿಟ್ಟು ಓದಿ ಹೇಳಿದಳು. "ಊರೆಲ್ಲ ನಿಮ್ಮ ಸಂಸಾರ ನೋಡಿ ನಗುತ್ತೆ, ನೋರಾ. ನಿಮಗಾಗಲಿ ಕ್ಲಿಫರ್ಡ್ ಅವರಿಗಾಗಲಿ ಬೇಡ ಅನ್ನಿಸಿದ್ರೆ ಇವತ್ತೇ ಫೋನ್ ಮಾಡಿ ನಿಲ್ಲಿಸ್ತೀನಿ."

"ನಿಲ್ಲಿಸಿದ್ರೆ ನಿನ್ ಗತಿ?"

"ನಾಯಿ ಬಿಸ್ಕತ್ತು."

ನೋರಾ ಕನ್ನಡಕ ಹಾಕಿಕೊಂಡು ಕಾಗದವನ್ನು ತಾನೇ ಎರಡು ಸಲ ಓದಿದಳು. ‘ಬದುಕಿರುವ ವ್ಯಕ್ತಿ’ ಎಂಬಲ್ಲಿ ಬೆರಳಿಟ್ಟು ಐವಿಗೆ ತೋರಿಸಿದಳು. ಐವಿ ಕಿಟಕಿಯತ್ತ ತಿರುಗಿಕೊಂಡಳು. ಅವಳ ಭುಜ ಅಲುಗುತ್ತಿತ್ತು. ಅಳು ಎಂದುಕೊಂಡು ಏವ್ರಿಲ್ ಕುಗ್ಗಿಹೋದಳು.

"ನಾನೇ ಕ್ಲಿಫರ್ಡ್ ಅವರನ್ನ ಕಂಡು ಕ್ಷಮೆ ಕೇಳ್ತೀನಿ. ಎಲ್ಲಿ ಸಿಗ್ತಾರೆ ಹೇಳಿ."

ನೋರಾ ಎದ್ದು ಒಳಗೆ ಹೋದಳು. ಒಲೆಯ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ಏವ್ರಿಲ್ ಕಾಗದ ಮಡಚಿದಳು. ನಲವತ್ತು ವರ್ಷದ ವೃತ್ತಿ ಹೀಗೆ ಮುಗಿಯುತ್ತದೆ ಎಂದು ಅವಳು ಯಾವ ಹಾಸ್ಯದಲ್ಲೂ ಬರೆದಿರಲಿಲ್ಲ. ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ ನೋರಾ ಹೊರಗೆ ಬಂದಳು. ಕೈಯಲ್ಲಿ ಹಬೆಯಾಡುವ ಮಾಂಸದ ಪೈ, ಬೇಯಿಸಿದ ಬಟಾಣಿ.

"ಹನ್ನೊಂದು ದಿನ ನೀನು ಪೆನ್ಸಿಲ್ ಹಿಡ್ಕೊಂಡು ಬಿಳೀ ಪುಟ ನೋಡ್ತಾ ಕೂತಿದ್ದೆ ತಾಯಿ, ನಮ್ ಕೈಲಿ ನೋಡೋಕಾಗಲಿಲ್ಲ," ಎಂದಳು. "ಧೈರ್ಯವಾಗಿ ಸಹಿ ಹಾಕು, ನಂಗೆ ಮದುವೆನೇ ಆಗಿಲ್ಲ." ತಟ್ಟೆಯನ್ನು ಅವಳ ಮುಂದಿಟ್ಟಳು.