ಅರವತ್ತಕ್ಕೆ ಅರವತ್ತು

ಆಂಜಿನಮ್ಮನ ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಮೀಟರಿಗೆ ಮುಟ್ಟಿಸಿದ ಡಾಕ್ಟರ್ ಮೋಹನ್‌ಬಾಬು, ಬಂದ ಅಂಕಿ ನೋಡಿ ಕನ್ನಡಕ ಒರೆಸಿಕೊಂಡರು. ಸಕ್ಕರೆ ಮುನ್ನೂರ ಹನ್ನೆರಡು. ಇನ್ನೊಂದು ಬೆರಳಿಗೆ ಚುಚ್ಚಿದರು. ಮುನ್ನೂರ ಹದಿನೈದು.

"ಮೀಟರ್ ಕೆಟ್ಟಿರ್ಬೇಕು ಸಾರ್," ಅಂದರು ಪ್ರೊಫೆಸರ್ ಗಂಗರಾಜು, ತೊಡೆಯ ಮೇಲಿನ ಲ್ಯಾಪ್‌ಟಾಪಿನಿಂದ ಕಣ್ಣು ಕೀಳದೆ. "ನಮ್ಮ ಮಾತ್ರೆ ಡಬ್ಬದ ಲೆಕ್ಕ ನೋಡಿ. ಬೆಳಿಗ್ಗೆ ಒಂದು, ಸಂಜೆ ಒಂದು, ಮೂವತ್ತು ದಿನ. ಅರವತ್ತಕ್ಕೆ ಅರವತ್ತು. ನನ್ನ ಸ್ಟೂಡೆಂಟ್ಸ್ ಕ್ಲಾಸಿಗೂ ಹಿಂಗೆ ಬರಲ್ಲ."

ಕಳವಾರ ಹಳ್ಳಿಯ ಆಂಜಿನಮ್ಮನ ಮನೆಯ ಪಡಸಾಲೆಯ ಗೂಡಿನಲ್ಲಿ ಕೂತಿದ್ದ ಡಬ್ಬವನ್ನು ಮಾಡಿದ್ದು ಚಿಕ್ಕಬಳ್ಳಾಪುರದ 'ಜೊತೆಗೂಡು' ಕಂಪನಿ. ಕಾಲೇಜಿನವರೂ ವೈದ್ಯರೂ ಕೂಡಿ ಸಲಹೆ ಕೊಡುವುದು, ಕಂಪನಿಯವರು ಅದರಂತೆ ಹೊಸ ಸಾಧನ ಮಾಡುವುದು. ಈ ಡಬ್ಬ ಹೊತ್ತಿಗೆ ಸರಿಯಾಗಿ "ಅಜ್ಜಿ, ಮಾತ್ರೆ ತಗೊಂಡ್ರಾ?" ಎಂದು ಕೇಳುತ್ತಿತ್ತು. ಅಜ್ಜಿ "ಆಯ್ತು" ಅಂದರೆ ಕಂಪನಿಯ ಕಂಪ್ಯೂಟರಿನಲ್ಲಿ ಒಂದು ಹಸಿರು ಗುರುತು ಬೀಳುತ್ತಿತ್ತು. ಕೇಳುವ ದನಿ ಸಂಘಮಿತ್ರಳದು. ಎರಡು ವರ್ಷ ಕೂತು ಡಬ್ಬ ಕಟ್ಟಿದವಳೂ ಅವಳೇ. ಇವತ್ತು ತಜ್ಞರಿಬ್ಬರೂ ರುಜು ಹಾಕಿದರೆ ಸೋಮವಾರ ಇನ್ನೂರು ಮನೆಗೆ ಡಬ್ಬ ಹೊರಡಬೇಕು. ಅವಳು ಪೆನ್ನಿನ ಮುಚ್ಚಳ ತೆಗೆದು ಹಿಡಿದುಕೊಂಡೇ ನಿಂತಿದ್ದಳು.

"ಮೀಟರ್ ಸರಿಯಾಗೇ ಇದೆ," ಎಂದು ಡಾಕ್ಟರು ಆ ಪೆನ್ನನ್ನೇ ತೆಗೆದುಕೊಂಡರು. "ಅರವತ್ತಕ್ಕೆ ಅರವತ್ತು ನುಂಗಿಯೂ ಇಳಿದಿಲ್ಲ ಅಂದ್ರೆ ಮಾತ್ರೆ ಸಾಲ್ತಿಲ್ಲ ಅಂತ. ಎರಡರಷ್ಟು ಮಾಡ್ತೀನಿ."

ತನ್ನ ಬಗ್ಗೆ ಇಷ್ಟೆಲ್ಲ ಮಾತು ನಡೆಯುತ್ತಿದ್ದರೂ ಆಂಜಿನಮ್ಮನ ಗಮನ ಬೇರೆ ಕಡೆಗಿತ್ತು. ಬಂದವರ ಮುಖ ಬಾಡಿದ್ದು ಅವಳಿಗೆ ಕಂಡಿತ್ತು. "ಸಾರ್, ಊಟ ಆಯ್ತಾ?" ಎಂದಳು.

"ಆಯ್ತಮ್ಮ, ಆಯ್ತು," ಅಂದರು ಇಬ್ಬರೂ ಒಂದೇ ಉಸಿರಿಗೆ.

ಸಂಘಮಿತ್ರ ಗಡಿಯಾರ ನೋಡಿದಳು. ಗಂಟೆ ಎರಡೂವರೆ. ಬೆಳಗಿನಿಂದ ಮೀಟಿಂಗಿನಲ್ಲಿ ಕೂತ ಇವರಿಬ್ಬರ ಹೊಟ್ಟೆಗೆ ಎರಡು ಬಿಸ್ಕತ್ತು ಬಿಟ್ಟು ಬೇರೇನೂ ಬಿದ್ದಿರಲಿಲ್ಲ. ಬರುವಾಗ ಕಾರಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಿದ್ದರು. ಆದರೂ ಕೇಳಿದ ಕೂಡಲೇ 'ಆಯ್ತು'. ಅವಳೂ ಹಾಗೇ ಅನ್ನುತ್ತಿದ್ದಳು. ಈ ಕಡೆ ಯಾರನ್ನು ಕೇಳಿದರೂ ಹಾಗೇ ಅನ್ನುತ್ತಿದ್ದರು.

ಬಾಯಿ ಬಿಟ್ಟರೆ ಎರಡು ವರ್ಷದ ಕೆಲಸ ಇಲ್ಲೇ ಮಣ್ಣುಪಾಲು. ಬಿಡದಿದ್ದರೆ ಚೀಟಿಯಲ್ಲಿ ಮಾತ್ರೆ ಎರಡರಷ್ಟು. ಅವಳು ಗೂಡಿನ ಹತ್ತಿರ ಹೋಗಿ ಡಬ್ಬದ ಕೆಳಗಿನ ಖಾನೆ ಎಳೆದಳು. ಮಾತ್ರೆಗಳು ಹಾಕಿದ ಹಾಗೇ ಇದ್ದವು. ಎಣಿಸಿದಳು. ಅರವತ್ತಕ್ಕೆ ಅರವತ್ತು.

ಕಂಪ್ಯೂಟರಿನಲ್ಲಿ ಹಸಿರು ಗುರುತು ಬೀಳುತ್ತಿರುವಾಗ ಖಾನೆ ಎಳೆದು ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಡಾಕ್ಟರು ತಾವು ಬರೆದ ಚೀಟಿಯನ್ನು ನಾಲ್ಕಾಗಿ ಹರಿದು ಜೇಬಿಗೆ ಹಾಕಿಕೊಂಡರು.

"ಅಜ್ಜಿ, ದಿನಾ ಆಯ್ತು ಆಯ್ತು ಅಂತಿದ್ರಲ್ಲ," ಅಂದಳು ಸಂಘಮಿತ್ರ, ಖಾನೆ ತೋರಿಸಿ.

"ಇನ್ನೇನಮ್ಮ ಅನ್ಲಿ? ಪಾಪ ಅಷ್ಟು ಅಕ್ಕರೆಯಿಂದ ಕೇಳ್ತೀಯ. ಇಲ್ಲ ಅಂದ್ರೆ ನೊಂದ್ಕಳಲ್ವಾ? ಆಮೇಲೆ ತಗಳಣ ಅಂತಿದ್ದೆ, ಮರ್ತೋಗ್ತಿತ್ತು. ಅದಿರ್ಲಿ, ನಿಂದು ಊಟ ಆಯ್ತಾ ಅಂತ ನಾನು ಕೇಳಿದ್ರೆ ಆ ಡಬ್ಬದಾಗೆ ನೀನ್ಯಾಕೆ ಮಾತೇ ಆಡಲ್ಲ?"

ಸಲಹಾ ಮಂಡಳಿ ಅಲ್ಲೇ ಚಾಪೆಯ ಮೇಲೆ ಸಭೆ ಸೇರಿತು. ಕೇಳುವುದೇ ಬೇಡ, ಡಬ್ಬ 'ನುಂಗಿ' ಎಂದು ಗದರಲಿ ಅಂದರು ಡಾಕ್ಟರು. "ನಮ್ಮತ್ತೆಗೇ ಹೆದರ್ದೋಳಲ್ಲ ನಾನು, ಈ ಡಬ್ಬಕ್ಕೆ ಹೆದರ್ತೀನಾ?" ಅಂದಳು ಆಂಜಿನಮ್ಮ. ನುಂಗುವವರೆಗೂ ಗಂಟೆ ಬಾರಿಸುತ್ತಿರಲಿ ಅಂದರು ಪ್ರೊಫೆಸರು. ಬಾರಿಸಿದರೆ ಹಿತ್ತಲಿನ ಹುಲ್ಲಿನ ಬಣವೆಯೊಳಗೆ ಇಟ್ಟುಬರುವುದಾಗಿ ಅವಳು ಮೊದಲೇ ತಿಳಿಸಿದಳು.

ಸಂಘಮಿತ್ರ ಅವಳ ಪಕ್ಕ ಕೂತಳು. "ನಿಮ್ಮ ಮಕ್ಕಳು ಊಟ ಒಲ್ಲೆ ಅಂತ ಹಟ ಮಾಡಿದ್ರೆ ಏನ್ ಮಾಡ್ತಿದ್ರಿ ಅಜ್ಜಿ?"

"ತಿನ್ನು ತಿನ್ನು ಅಂದ್ರೆ ಯಾವ ಮಗು ತಿಂತದೆ? ನೀನು ತಿನ್ನಗಂಟ ನಾನೂ ತಿನ್ನಲ್ಲ ಕಣಪ್ಪ ಅಂತ ಎದುರಿಗೆ ಕೂತ್ಕಂಬಿಡ್ತಿದ್ದೆ. ಎಷ್ಟೊತ್ತು ತಡೀತಾರೆ? ಹಸ್ಕೊಂಡಿರೋರ್ನ ಕೂರ್ಸಿ ನಮ್ಮ ಕಡೆ ಯಾರಾನ ಸುಮ್ನಿರ್ತಾರಾ?"

"ಇದನ್ನೇ ನಾನು ಹೋದ ಮೀಟಿಂಗಲ್ಲಿ ಹೇಳಿದ್ದು," ಎಂದು ಗಂಗರಾಜು ಬರೆದುಕೊಂಡರು.

ಅಂದೇ ಸಂಜೆ ಸಂಘಮಿತ್ರ ಹೊಸ ಮಾತು ತುಂಬಿದಳು: "ಅಜ್ಜಿ, ನೀವು ಮಾತ್ರೆ ತಗೊಳ್ಳೋವರೆಗೂ ನಾನು ಊಟ ಮಾಡಲ್ಲ." ಖಾನೆ ತೆರೆದು ಒಂದು ಮಾತ್ರೆ ಹೊರಬಂದರೆ ಮಾತ್ರ ಹಸಿರು ಗುರುತು. ರುಜು ಹದಿನೈದು ದಿನ ಮುಂದಕ್ಕೆ ಹೋಯಿತು.

ಹದಿನೈದನೆಯ ದಿನ ಸಕ್ಕರೆ ನೂರ ಅರವತ್ತೆಂಟಕ್ಕೆ ಇಳಿದಿತ್ತು. ಖಾನೆಯಲ್ಲಿ ಇರಬೇಕಾದಷ್ಟೇ ಮಾತ್ರೆ ಇದ್ದವು. ತಜ್ಞರಿಬ್ಬರೂ ಕೈ ಕುಲುಕಿಕೊಂಡರು. ಡಬ್ಬ ಮಾತ್ರ ಹಿಂದಿನ ದಿನದಿಂದ ಮೂಕವಾಗಿತ್ತು. ಸಂಘಮಿತ್ರ ಅದನ್ನು ಆಫೀಸಿಗೆ ತಂದು, ಮೇಜಿನ ಮೇಲೆ ಬೋರಲು ಹಾಕಿ, ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದಳು. ದನಿ ಹೊರಡುವ ತೂತುಗಳ ತುಂಬ, ಒಂದೂ ಬಿಡದಂತೆ, ರಾಗಿ ಮುದ್ದೆ ಒಣಗಿ ಕೂತಿತ್ತು. ಅದರ ನಡುವೆ ಒಂದು ಅವರೆಕಾಳು. ಗಂಟಲಿಗೆ ಸಿಕ್ಕಿಕೊಳ್ಳದಿರಲಿ ಎಂದು ಸಿಪ್ಪೆ ಬಿಡಿಸಿ, ಚೆನ್ನಾಗಿ ಹಿಸುಕಿದ್ದು.